ತೊಗರಿ ಬೆಲೆ ಯಾಕೆ ಬೀಳುತ್ತದೆ? ಆಮದು, ಬೆಂಬಲ ಬೆಲೆ, ಸಬ್ಸಿಡಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಕಲಬುರಗಿ ಜಿಲ್ಲೆ. ಮನೆಯಲ್ಲಿ ಈಗಲೂ ತೊಗರಿ ಬಿತ್ತುತ್ತೇವೆ. ನನ್ನ ನೌಕರಿ ಬೆಂಗಳೂರಿನಲ್ಲಿ, ಆದರೆ ರಾಶಿ ಹೊತ್ತಿಗೆ ಊರಿಗೆ ಹೋಗುವುದನ್ನು ಬಿಟ್ಟಿಲ್ಲ. ಹೋದಾಗಲೆಲ್ಲ ಕಟ್ಟೆ ಮೇಲೆ, ಬಸ್ಸಿನಲ್ಲಿ, ದಲ್ಲಾಳಿ ಅಂಗಡಿ ಮುಂದೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಬೆಂಗಳೂರಿನ ಗೆಳೆಯರು ಕೇಳುವುದು ಬೇರೆ ತರ, ಅವರಿಗೆ ಬೇಳೆ ಯಾಕೆ ತುಟ್ಟಿ ಆಯಿತು ಅನ್ನುವುದು ಚಿಂತೆ. ಎರಡೂ ಕಡೆಯವರಿಗೆ ಒಂದೇ ಕಡೆ ಉತ್ತರ ಬರೆದಿಡೋಣ ಅಂತ ಕೂತೆ.

ಎಲ್ಲೋ ಆಫ್ರಿಕಾದಲ್ಲಿ ಬೆಳೆದ ತೊಗರಿಗೂ ಕಲಬುರಗಿ ಮಾರುಕಟ್ಟೆ ಬೆಲೆಗೂ ಏನು ಸಂಬಂಧ?

ನೇರ ಸಂಬಂಧ. ಜಗತ್ತಿನ ತೊಗರಿಯಲ್ಲಿ ಹೆಚ್ಚಿನ ಪಾಲು ಬೆಳೆಯುವವರೂ ನಾವೇ, ತಿನ್ನುವವರೂ ನಾವೇ. ಆದರೆ ಬೆಳೆದದ್ದು ನಮಗೆ ಸಾಲುವುದಿಲ್ಲ. ಈಚಿನ ವರ್ಷಗಳಲ್ಲಿ ದೇಶದ ಬೆಳೆ 35 ಲಕ್ಷ ಟನ್ ಆಸುಪಾಸು, ಬೇಕಾಗುವುದು ಸುಮಾರು 45 ಲಕ್ಷ ಟನ್. ಉಳಿದದ್ದು ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್‌ನಿಂದ ಬರುತ್ತದೆ.

ಕಾಲವನ್ನು ಗಮನಿಸಿ. ನಾವು ಜೂನ್-ಜುಲೈನಲ್ಲಿ ಬಿತ್ತುತ್ತೇವೆ, ಡಿಸೆಂಬರ್-ಜನವರಿಯಲ್ಲಿ ರಾಶಿ ಮಾಡುತ್ತೇವೆ. ಆಫ್ರಿಕಾದ ಕಾಳು ಸೆಪ್ಟೆಂಬರ್‌ನಿಂದ ಹಡಗಿನಲ್ಲಿ ಬರಲು ಶುರುವಾಗುತ್ತದೆ. ಅಂದರೆ ನಮ್ಮ ರಾಶಿ ಇನ್ನೂ ಹೊಲದಲ್ಲಿರುವಾಗಲೇ ದಾಲ್ ಮಿಲ್‌ನವರ ಗೋದಾಮು ಅರ್ಧ ತುಂಬಿರುತ್ತದೆ. ಇತ್ತ ನಮ್ಮ ಕಾಳು ಮಾರುಕಟ್ಟೆಯಲ್ಲಿ ಇರುವಾಗಲೇ ಅತ್ತ ಮ್ಯಾನ್ಮಾರ್‌ನ ಹೊಸ ಬೆಳೆ ಕೊಯ್ಲಿಗೆ ಬರುತ್ತದೆ. ವ್ಯಾಪಾರಿಗಳು ಅದನ್ನು ಲೆಮನ್ ಅನ್ನುತ್ತಾರೆ. ಅದರ ರೇಟು ಮುಂಬೈ, ಚೆನ್ನೈನಿಂದ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬಂದುಬಿಡುತ್ತದೆ. ನಮ್ಮೂರ ಅಡತಿ ಅಂಗಡಿಯಲ್ಲಿ ಸವಾಲು, ಅಂದರೆ ಹರಾಜು, ಶುರುವಾಗುವ ಮುಂಚೆ ಖರೀದಿದಾರರು ಮೊದಲು ನೋಡುವುದು ಆ ಮೆಸೇಜು, ಆಮೇಲೆ ನಮ್ಮ ಚೀಲ.

ಸರ್ಕಾರ ಆಮದಿಗೆ ಬಿಡುವುದಾದರೂ ಯಾಕೆ?

ಬೇಳೆ ತುಟ್ಟಿ ಆದರೆ ಊರೂರಲ್ಲಿ ಗಲಾಟೆ ಆಗುತ್ತದೆ. ಈರುಳ್ಳಿ, ಬೇಳೆ, ಎಣ್ಣೆ, ಈ ಮೂರರ ಬೆಲೆಗೆ ಯಾವ ಸರ್ಕಾರವೂ ಹೆದರುತ್ತದೆ. ಕಡಿಮೆ ಬಿದ್ದಾಗ ತರಿಸಬೇಡಿ ಅಂತ ನಾನೂ ಹೇಳುವುದಿಲ್ಲ. ನನ್ನ ತಕರಾರು ತರಿಸುವುದರ ಬಗ್ಗೆ ಅಲ್ಲ, ಯಾವಾಗ ತರಿಸುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಅನ್ನುವುದರ ಬಗ್ಗೆ. ಮುಂದಿನ ಉತ್ತರ ಓದಿದರೆ ಅದು ಗೊತ್ತಾಗುತ್ತದೆ.

2015ರಿಂದ 2017ರವರೆಗೆ ನಿಜವಾಗಿ ಏನಾಯಿತು? ಎಲ್ಲರೂ ಆ ವರ್ಷಗಳನ್ನೇ ಯಾಕೆ ಎತ್ತುತ್ತಾರೆ?

2014, 2015, ಎರಡು ವರ್ಷ ಬೆನ್ನಿಗೆ ಬೆನ್ನು ಮಳೆ ಕೈಕೊಟ್ಟಿತು. 2015-16ರಲ್ಲಿ ದೇಶದ ತೊಗರಿ ಸುಮಾರು 25 ಲಕ್ಷ ಟನ್‌ಗೆ ಇಳಿಯಿತು. 2015ರ ಅಕ್ಟೋಬರ್ ಹೊತ್ತಿಗೆ ಅಂಗಡಿಯಲ್ಲಿ ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿತು. ಗೋದಾಮುಗಳ ಮೇಲೆ ದಾಳಿ, ಸಂಗ್ರಹಕ್ಕೆ ಮಿತಿ, ಟಿವಿಯಲ್ಲಿ ದಿನಾ ಬೇಳೆ ಸುದ್ದಿ.

ಆಗ ಸರ್ಕಾರ ಒಂದೇ ಸಲಕ್ಕೆ ಹಲವು ಕೆಲಸ ಮಾಡಿತು. 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದ ಆಯಿತು. ಅಲ್ಲಿಂದ ತರಿಸುವ ಕಾಳನ್ನು ವರ್ಷಕ್ಕೆ 1 ಲಕ್ಷ ಟನ್‌ನಿಂದ 2 ಲಕ್ಷ ಟನ್‌ಗೆ ಏರಿಸುವ ಮಾತು ಅದರಲ್ಲಿತ್ತು. 20 ಲಕ್ಷ ಟನ್ ಬೇಳೆಕಾಳಿನ ಕಾಪು ದಾಸ್ತಾನು ಮಾಡುತ್ತೇವೆ ಅಂತ ಹೇಳಿದರು. ಬೆಂಬಲ ಬೆಲೆಯನ್ನು ಬೋನಸ್ ಸೇರಿಸಿ ಕ್ವಿಂಟಲ್‌ಗೆ 5,050 ರೂಪಾಯಿ ಮಾಡಿದರು. ಬೇಳೆ ಬೆಳೆಯಿರಿ ಅಂತ ಕೃಷಿ ಇಲಾಖೆಯವರು ಹಳ್ಳಿ ಹಳ್ಳಿಗೆ ಬಂದರು.

ರೈತರು ಬೆಳೆದರು. ಮಳೆಯೂ ಆಯಿತು. 2016-17ರಲ್ಲಿ ತೊಗರಿ 48 ಲಕ್ಷ ಟನ್ ದಾಟಿತು, ಹಿಂದಿನ ವರ್ಷದ ಹತ್ತಿರ ಹತ್ತಿರ ಎರಡು ಪಟ್ಟು. ಅದೇ ವರ್ಷ ಹೊರಗಿನಿಂದ ಸುಮಾರು 7 ಲಕ್ಷ ಟನ್ ಕೂಡ ಬಂತು. ನಡುವೆ ನವೆಂಬರ್‌ನಲ್ಲಿ ನೋಟು ರದ್ದಾಗಿ ಮಾರುಕಟ್ಟೆಯಲ್ಲಿ ನಗದು ಇರಲಿಲ್ಲ. ಬೆಲೆ 4,000ದ ಆಸುಪಾಸಿಗೆ ಬಿತ್ತು. ಇಷ್ಟು ಕಾಳು ಬಂದಾಗ ಹೊರದೇಶಕ್ಕಾದರೂ ಕಳಿಸಬಹುದಿತ್ತಲ್ಲ ಅಂದರೆ, ಬೇಳೆಕಾಳು ರಫ್ತಿಗೆ 2006ರಿಂದ ನಿಷೇಧ ಇತ್ತು!

ಇನ್ನು ತಡೆ ಯಾವಾಗ ಹಾಕಿದರು ನೋಡಿ. ತೊಗರಿಗೆ 10% ಆಮದು ಸುಂಕ ಬಂದಿದ್ದು 2017ರ ಮಾರ್ಚ್‌ನಲ್ಲಿ. ವರ್ಷಕ್ಕೆ 2 ಲಕ್ಷ ಟನ್ ಮಾತ್ರ ಅನ್ನುವ ಮಿತಿ ಬಂದಿದ್ದು ಆಗಸ್ಟ್‌ನಲ್ಲಿ. ರಫ್ತಿನ ನಿಷೇಧ ತೆಗೆದಿದ್ದು ಸೆಪ್ಟೆಂಬರ್‌ನಲ್ಲಿ. ನಮ್ಮ ಮನೆಯ ಕಾಳು ಫೆಬ್ರವರಿಯಲ್ಲೇ ಹೋಗಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಯಿತು. ಆ ವರ್ಷ ಅಪ್ಪ ಸೊಸೈಟಿ ಸಾಲ ಕಟ್ಟಲು ಒಂದು ಜೋಡಿ ಎತ್ತು ಮಾರಿದರು. ಬೆಳೆ ಕೆಟ್ಟು ಎತ್ತು ಮಾರಿದ್ದನ್ನು ಹಿಂದೆಯೂ ನೋಡಿದ್ದೆ. ಬೆಳೆ ಚೆನ್ನಾಗಿ ಬಂದ ವರ್ಷ ಮಾರಿದ್ದು ಅದೇ ಮೊದಲು.

10% ಸುಂಕ ಅಂದರೆ ಕಡಿಮೆ ಏನಲ್ಲ. ಅದರಿಂದ ಆಮದು ನಿಲ್ಲಲಿಲ್ವಾ?

ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ತೀರಾ ಹಿಂದುಳಿದ ದೇಶಗಳು ಅಂತ ವಿಶ್ವಸಂಸ್ಥೆ ಗುರುತಿಸಿದ ದೇಶಗಳ ಸರಕಿಗೆ ಭಾರತ 2008ರಿಂದ ಸುಂಕದಲ್ಲಿ ರಿಯಾಯಿತಿ ಕೊಡುತ್ತಿದೆ. ಮೊಜಾಂಬಿಕ್, ಮಲಾವಿ, ತಾಂಜಾನಿಯಾ, ಮ್ಯಾನ್ಮಾರ್ ಎಲ್ಲ ಆ ಪಟ್ಟಿಯಲ್ಲಿವೆ. ತೊಗರಿ ಬರುವುದೇ ಅಲ್ಲಿಂದ. ಹಾಗಾಗಿ ಕಾಗದದ ಮೇಲೆ 10% ಇದ್ದರೂ ಬಂದರಿನಲ್ಲಿ ಹೆಚ್ಚಿನ ಕಾಳಿಗೆ ಸುಂಕ ಸೊನ್ನೆ. ಕೆಲಸ ಮಾಡಿದ್ದು ಸುಂಕ ಅಲ್ಲ, ಆಗಸ್ಟ್‌ನಲ್ಲಿ ಹಾಕಿದ ಪ್ರಮಾಣದ ಮಿತಿ. ಇನ್ನು ಮುಂದೆ ಯಾರಾದರೂ ಮುಖಂಡರು ವೇದಿಕೆ ಮೇಲೆ ನಿಂತು ತೊಗರಿಗೆ ಸುಂಕ ಹಾಕಿಸುತ್ತೇವೆ ಅಂದರೆ, ಈ ರಿಯಾಯಿತಿಗೆ ಏನು ಮಾಡುತ್ತೀರಿ ಅಂತ ಮರೆಯದೆ ಕೇಳಿ.

ಆಮೇಲೆ ಆ ಮಿತಿ ಏನಾಯಿತು?

2021ರ ಮೇ 15ಕ್ಕೆ ತೆಗೆದರು. ಕೆಲವು ತಿಂಗಳಿಗೆ ಮಾತ್ರ ಅಂತ ಹೇಳಿ ತೆಗೆದದ್ದು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2023ರ ಮಾರ್ಚ್‌ನಲ್ಲಿ ಬೇಳೆ ಮಾಡದ ಇಡಿ ತೊಗರಿ ಕಾಳಿನ ಮೇಲಿದ್ದ 10% ಸುಂಕವನ್ನೂ ತೆಗೆದರು. 2025ರ ಜನವರಿಯಲ್ಲಿ, ಸರಿಯಾಗಿ ನಮ್ಮ ರಾಶಿ ಮಾರುಕಟ್ಟೆಗೆ ಬರುವ ಹೊತ್ತಿಗೆ, ಇನ್ನೊಂದು ವರ್ಷ, ಅಂದರೆ 2026ರ ಮಾರ್ಚ್ 31ರವರೆಗೆ, ಸುಂಕ ಇಲ್ಲದ ಆಮದು ಮುಂದುವರಿಯುತ್ತದೆ ಅಂತ ಆದೇಶ ಬಂತು.

ನಡುವೆ ನಮ್ಮ ಕಡೆ 2022ರಲ್ಲಿ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿತ್ತು. 2023ರಲ್ಲಿ ಮಳೆ ಕಡಿಮೆ. ಅದೇ ವರ್ಷದ ಕೊನೆಗೆ ಮೊಜಾಂಬಿಕ್‌ನ ಬಂದರಿನಲ್ಲಿ ಅಲ್ಲಿನ ವ್ಯಾಪಾರಿಗಳ ಜಗಳದಿಂದ ಕಾಳು ಸಿಕ್ಕಿಹಾಕಿಕೊಂಡಿತು. 2024ರ ಶುರುವಿನಲ್ಲಿ ಕಲಬುರಗಿಯಲ್ಲಿ ತೊಗರಿ ಕ್ವಿಂಟಲ್‌ಗೆ 10,000 ದಾಟಿತ್ತು. ಜನ ಆಸೆಯಿಂದ ಬಿತ್ತಿದರು. 2024-25ರಲ್ಲಿ ಆಮದು ಸುಮಾರು 12 ಲಕ್ಷ ಟನ್ ಆಯಿತು. ಹೊಸ ಕಾಳು ಬರುವಷ್ಟರಲ್ಲಿ ಬೆಲೆ ಬೆಂಬಲ ಬೆಲೆ 7,550ಕ್ಕಿಂತ ಕೆಳಗೆ. ಎಂಟು ವರ್ಷದ ಹಿಂದಿನ ಕತೆಯೇ ಮತ್ತೆ ನಡೆಯಿತು, ಅಲ್ವಾ?

ಬಟಾಣಿ ಆಮದಿನಿಂದ ತೊಗರಿ ಬೆಲೆ ಬಿತ್ತು ಅನ್ನುತ್ತಾರೆ. ಬಟಾಣಿಗೂ ತೊಗರಿಗೂ ಏನು?

ಹಳದಿ ಬಟಾಣಿ ಬರುವುದು ಕೆನಡಾ, ರಷ್ಯಾದಿಂದ. ಬೇಳೆಕಾಳಲ್ಲೇ ಅಗ್ಗ. ಹೋಟೆಲಿನವರು, ಹಿಟ್ಟು ಮಾಡುವವರು, ಕುರುಕಲು ತಿಂಡಿ ಮಾಡುವವರು ಕಡಲೆ ಬೇಳೆ ಬದಲಿಗೆ ಅದನ್ನು ಬಳಸುತ್ತಾರೆ. ಒಂದು ಬೇಳೆ ಅಗ್ಗ ಆದರೆ ಉಳಿದವುಗಳ ಬೆಲೆಯೂ ಜಗ್ಗುತ್ತದೆ. 2017ರ ನವೆಂಬರ್‌ನಲ್ಲಿ ಅದಕ್ಕೆ 50% ಸುಂಕ ಹಾಕಿದ್ದರು. 2023ರ ಡಿಸೆಂಬರ್‌ನಲ್ಲಿ ಸೊನ್ನೆ ಮಾಡಿದರು. 2025ರ ನವೆಂಬರ್ 1ರಿಂದ ಮತ್ತೆ 30%. ಸೊನ್ನೆ ಇದ್ದ ಆ ಎರಡು ವರ್ಷದಲ್ಲಿ ಬಂದ ಬಟಾಣಿ ಹತ್ತಾರು ಲಕ್ಷ ಟನ್. 2024-25ರಲ್ಲಿ ಒಟ್ಟು ಬೇಳೆಕಾಳು ಆಮದು 70 ಲಕ್ಷ ಟನ್ ದಾಟಿತು, ಹಿಂದೆಂದೂ ಅಷ್ಟು ಬಂದಿರಲಿಲ್ಲ.

ಬೆಂಬಲ ಬೆಲೆ ಇದೆಯಲ್ಲ, ಮತ್ಯಾಕೆ ಚಿಂತೆ?

ಬೆಂಬಲ ಬೆಲೆ ಘೋಷಣೆ ಆಗುತ್ತದೆ, ಕೊಡುವವರು ಎಲ್ಲ ಕಡೆ ಇರುವುದಿಲ್ಲ. ತೊಗರಿಗೆ 2014-15ರಲ್ಲಿ 4,350 ಇತ್ತು, 2025-26ಕ್ಕೆ 8,000 ಆಗಿದೆ. ಏರಿದ್ದು ನಿಜ. ಆದರೆ ಅದು ಕಾನೂನಿನ ಬೆಲೆ ಅಲ್ಲ. ವ್ಯಾಪಾರಿ ಅದಕ್ಕಿಂತ ಕಡಿಮೆಗೆ ಕೊಂಡರೆ ತಪ್ಪಲ್ಲ. ಕೇಂದ್ರ ಸರ್ಕಾರಕ್ಕಾಗಿ ಕೊಳ್ಳುವ ಸಹಕಾರ ಸಂಸ್ಥೆಗಳಾದ ನಾಫೆಡ್ ಅಥವಾ ಎನ್‌ಸಿಸಿಎಫ್ ಪರವಾಗಿ ಊರಿನ ಸೊಸೈಟಿಯಲ್ಲೋ ಮಾರುಕಟ್ಟೆಯಲ್ಲೋ ಖರೀದಿ ಕೇಂದ್ರ ತೆರೆದರೆ ಮಾತ್ರ ಆ ಬೆಲೆ ಕೈಗೆ ಬರುತ್ತದೆ.

ಕೇಂದ್ರದಲ್ಲಿ ಹೇಗಿರುತ್ತದೆ ಅಂತ ಹೇಳುತ್ತೇನೆ. 2017ರ ಚಳಿಗಾಲದಲ್ಲಿ ಅಪ್ಪನ ಜೊತೆ ನಾನೂ ಹೋಗಿದ್ದೆ. ಟ್ರ್ಯಾಕ್ಟರ್ ಸಾಲು ರಸ್ತೆವರೆಗೂ ನಿಂತಿತ್ತು. ಎರಡು ರಾತ್ರಿ ಚೀಲದ ಮೇಲೆ ಕಂಬಳಿ ಹೊದ್ದು ಮಲಗಿದೆವು. ಮೂರನೇ ದಿನ ನಮ್ಮ ಪಾಳಿ ಬಂತು. ತಪಾಸಣೆ ಮಾಡುವ ಹುಡುಗ ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ಯಂತ್ರಕ್ಕೆ ಹಾಕಿದ. ತೇವಾಂಶ 12ಕ್ಕಿಂತ ಜಾಸ್ತಿ ಇರಬಾರದು ಅನ್ನುವುದು ನಿಯಮ. "ಕಾಕಾ, ಇನ್ನೂ ಹಸಿ ಅದಾವು. ಎರಡು ದಿನ ಒಣಗಿಸಿಕೊಂಡು ಬರ್ರಿ" ಅಂದ. ಅಪ್ಪ ಒಂದು ಕಾಳು ಬಾಯಿಗೆ ಹಾಕಿ ಕಟ್ ಅಂತ ಕಡಿದು ಅವನ ಮುಂದೆ ಹಿಡಿದರು, ಎರಡು ಹೋಳಾಗಿತ್ತು. "ಹಸಿ ಕಾಳು ಹಿಂಗ ಒಡೀತೈತೇನೋ ತಮ್ಮಾ?" ಹುಡುಗ ಏನೂ ಮಾತಾಡಲಿಲ್ಲ, ಮುಂದಿನ ಟ್ರ್ಯಾಕ್ಟರ್ ಕರೆದ. ಅವನದೇನೂ ತಪ್ಪಿಲ್ಲ ಅಂತ ಈಗ ಅನಿಸುತ್ತದೆ. ಅವತ್ತು ಕೇಂದ್ರದಲ್ಲಿ ಖಾಲಿ ಚೀಲವೇ ಮುಗಿದಿತ್ತು. ನಾವು ಅದೇ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋಗಿ ಸಾವಿರ ರೂಪಾಯಿ ಕಡಿಮೆಗೆ ವ್ಯಾಪಾರಿಗೆ ಹಾಕಿದೆವು. ಬಾಡಿಗೆ ದಿನಕ್ಕೆ ದಿನ ಏರುತ್ತಿತ್ತು, ಇನ್ನೇನು ಮಾಡುವುದು?

2018ರಲ್ಲಿ ಬೆಂಬಲ ಬೆಲೆ ಖರೀದಿಗೆ ಅಂತ ಕೇಂದ್ರ ಸರ್ಕಾರದ ಪಿಎಂ ಆಶಾ ಯೋಜನೆ ಬಂದಾಗ ರಾಜ್ಯದ ಬೆಳೆಯಲ್ಲಿ ಕಾಲು ಭಾಗದವರೆಗೆ ಮಾತ್ರ ಖರೀದಿ ಅನ್ನುವ ಮಿತಿ ಇತ್ತು. ಈಗ ತೊಗರಿ, ಉದ್ದು, ಮಸೂರಕ್ಕೆ ಆ ಮಿತಿ ಇಲ್ಲ. ನೋಂದಾಯಿಸಿದ ರೈತ ತಂದಷ್ಟನ್ನೂ 2028-29ರವರೆಗೆ ಕೊಳ್ಳುತ್ತೇವೆ ಅಂತ ಕೇಂದ್ರ ಸರ್ಕಾರ ಹೇಳಿದೆ. 2025ರ ಅಕ್ಟೋಬರ್‌ನಲ್ಲಿ 11,440 ಕೋಟಿ ರೂಪಾಯಿಯ ಬೇಳೆಕಾಳು ಮಿಷನ್‌ಗೂ ಒಪ್ಪಿಗೆ ಸಿಕ್ಕಿದೆ. ಒಳ್ಳೆಯ ಮಾತು. ಆದರೆ ಖರೀದಿ ಕೇಂದ್ರ ಡಿಸೆಂಬರ್ ಕೊನೆಗೆ ತೆರೆಯುತ್ತದೋ ಫೆಬ್ರವರಿಗೆ ತೆರೆಯುತ್ತದೋ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸಾಲ ಇರುವ ರೈತ ಆರು ವಾರ ಕಾಯುವುದಿಲ್ಲ.

ರಾಜ್ಯ ಸರ್ಕಾರ ಏನೂ ಮಾಡಲು ಆಗಲ್ವಾ?

ಆಮದು, ಸುಂಕ ಎಲ್ಲ ಕೇಂದ್ರದ ಕೈಯಲ್ಲಿದೆ. ರಾಜ್ಯ ಬೆಂಬಲ ಬೆಲೆ ಮೇಲೆ ಒಂದಿಷ್ಟು ಸೇರಿಸಬಹುದು. 2025ರಲ್ಲಿ ಕರ್ನಾಟಕ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಿ 7,550ನ್ನು 8,000 ಮಾಡಿತ್ತು. ಸಿಕ್ಕವರಿಗೆ ಉಪಯೋಗ ಆಯಿತು.

ಖರೀದಿ ತಾಪತ್ರಯವೇ ಬೇಡ. ಬೆಲೆ ಬಿದ್ದಾಗ ವ್ಯತ್ಯಾಸದ ಹಣ ಖಾತೆಗೆ ಹಾಕಿದರೆ ಆಗುವುದಿಲ್ವಾ?

ಕೇಳಲು ಚಂದ. ಗೋದಾಮು ಬೇಡ, ಚೀಲ ಬೇಡ, ಹಮಾಲರು ಬೇಡ. ಮಧ್ಯಪ್ರದೇಶ 2017ರಲ್ಲಿ ಭಾವಾಂತರ ಅಂತ ಇದನ್ನೇ ಮಾಡಿತು, ತೊಗರಿಯೂ ಪಟ್ಟಿಯಲ್ಲಿತ್ತು. ತೊಂದರೆ ಎಲ್ಲಿ ಬಂತು ಅಂದರೆ, ರೈತರು ಯೋಜನೆಯ ಗಡುವಿನೊಳಗೆ ಮಾರಲು ಒಟ್ಟಿಗೇ ಮುಗಿಬಿದ್ದರು. ವ್ಯತ್ಯಾಸ ಹೇಗೂ ಸರ್ಕಾರ ಕೊಡುತ್ತದಲ್ಲ ಅಂತ ವ್ಯಾಪಾರಿಗಳು ಬೆಲೆ ಇನ್ನೂ ಕೆಳಗೆ ಕೇಳಿದರು. ಸರ್ಕಾರ ಕೊಡುತ್ತಿದ್ದದ್ದು ಸರಾಸರಿ ಬೆಲೆ ಮೇಲೆ ಲೆಕ್ಕ ಹಾಕಿದ ವ್ಯತ್ಯಾಸ. ಸರಾಸರಿಗಿಂತ ಕಡಿಮೆಗೆ ಮಾರಿದವನಿಗೆ ಆ ಕೊರತೆ ತುಂಬಲೇ ಇಲ್ಲ.

ನಮ್ಮಲ್ಲೂ 2025ರಲ್ಲಿ ತೋತಾಪುರಿ ಮಾವಿಗೆ ಈ ದಾರಿ ಹಿಡಿದರು. ಕ್ವಿಂಟಲ್‌ಗೆ 1,616 ರೂಪಾಯಿ ಅಂತ ಬೆಲೆ ಗೊತ್ತು ಮಾಡಿ, 2.5 ಲಕ್ಷ ಟನ್‌ವರೆಗೆ ವ್ಯತ್ಯಾಸ ಕೊಡಲು ಕೇಂದ್ರ ಒಪ್ಪಿತು. ಮಾವು ಇಟ್ಟರೆ ಕೊಳೆಯುತ್ತದೆ, ಅದಕ್ಕೆ ಇದು ಸರಿ. ತೊಗರಿ ಒಣಗಿಸಿಟ್ಟರೆ ವರ್ಷ ಇರುತ್ತದೆ. ಕೊಂಡು ಇಟ್ಟರೆ ಮುಂದೆ ಬೇಳೆ ತುಟ್ಟಿ ಆದಾಗ ಅದೇ ಕಾಳನ್ನು ಬಿಡಬಹುದು, ಹಡಗು ಕಾಯಬೇಕಿಲ್ಲ. ಹಾಗಾಗಿ ತೊಗರಿಗೆ ನನ್ನ ಮತ ಖರೀದಿಗೇ.

ವರ್ಷಕ್ಕೆ 6,000 ಕೊಡುತ್ತಾರಲ್ಲ, ಅದು ಸಾಲದಾ?

ಪಿಎಂ ಕಿಸಾನ್ ಹಣ ಬೇಡ ಅನ್ನುವವರು ಯಾರೂ ಇಲ್ಲ. ಬಿತ್ತನೆ ಹೊತ್ತಿಗೆ ಬರುವ 2,000 ರೂಪಾಯಿ ಬೀಜಕ್ಕೆ ಆಗುತ್ತದೆ. ಆದರೆ ಒಂದು ಲೆಕ್ಕ ಹಾಕಿ. 5 ಎಕರೆ ಹೊಲ, ಎಕರೆಗೆ 4 ಕ್ವಿಂಟಲ್ ಅಂದರೆ 20 ಕ್ವಿಂಟಲ್. ಬೆಲೆ 10,000ದಿಂದ 7,500ಕ್ಕೆ ಇಳಿದರೆ 50,000 ರೂಪಾಯಿ ಹೋಯಿತು. ಅಂದರೆ ಎಂಟು ವರ್ಷದ ಪಿಎಂ ಕಿಸಾನ್ ಹಣ ಒಂದೇ ರಾಶಿಯಲ್ಲಿ ಹೋದಂತೆ. ಪೂರ್ತಿ ಆಮದಿನಿಂದಲೇ ಇಳಿಯಿತು ಅಂತ ನಾನು ಹೇಳುವುದಿಲ್ಲ, ಬೆಳೆ ಜಾಸ್ತಿ ಬಂದರೂ ಇಳಿಯುತ್ತದೆ. ಅರ್ಧ ಅಂದುಕೊಂಡರೂ ನಾಲ್ಕು ವರ್ಷದ ಹಣ.

ಇನ್ನೊಂದು ವಿಷಯ. ಆ ಹಣ ಪಹಣಿ ಯಾರ ಹೆಸರಿಗಿದೆಯೋ ಅವರಿಗೆ. ಪಾಲಿಗೆ, ಗುತ್ತಿಗೆಗೆ ಹೊಲ ಮಾಡುವವರಿಗೆ ಅದು ಸಿಗುವುದಿಲ್ಲ. ಬೆಲೆ ಬಿದ್ದರೆ ನಷ್ಟ ಮಾತ್ರ ಅವರದೇ. ನಮ್ಮೂರಲ್ಲಿ ಅಂಥವರು ಬಹಳ ಇದ್ದಾರೆ.

ರಸಗೊಬ್ಬರಕ್ಕೆ ಲಕ್ಷಾಂತರ ಕೋಟಿ ಸಬ್ಸಿಡಿ ಕೊಡುತ್ತಾರೆ. ತೊಗರಿ ರೈತನಿಗೂ ಅದು ಬರುತ್ತದಲ್ಲ?

ಬರುತ್ತದೆ, ಬಹಳ ಕಡಿಮೆ. 2022-23ರಲ್ಲಿ ರಸಗೊಬ್ಬರ ಸಬ್ಸಿಡಿ 2.5 ಲಕ್ಷ ಕೋಟಿ ರೂಪಾಯಿ ಮುಟ್ಟಿತ್ತು. 45 ಕೆಜಿ ಯೂರಿಯಾ ಚೀಲಕ್ಕೆ ನಾವು ಕೊಡುವುದು 266 ರೂಪಾಯಿ 50 ಪೈಸೆ, ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಆದರೆ ತೊಗರಿಗೆ ಯೂರಿಯಾ ಹೆಚ್ಚು ಬೇಡವೇ ಬೇಡ. ಬೇರಿನ ಗಂಟಿನಲ್ಲಿ ಅದೇ ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡುತ್ತದೆ. ಎಲೆ ಉದುರಿ ಅದೂ ಗೊಬ್ಬರ. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ ಹಾಕಿದರೆ ಆಯಿತು. ನೀರಿನ ವಿಷಯವೂ ಹಾಗೇ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆ, ಆದರೆ ನಮ್ಮ ತೊಗರಿ ಹೆಚ್ಚಾಗಿ ಮಳೆ ಮೇಲೆ ನಿಂತದ್ದು.

ಅಂದರೆ ಯಾವ ಬೆಳೆ ನೀರು, ಗೊಬ್ಬರ ಜಾಸ್ತಿ ಕುಡಿಯುತ್ತದೋ ಅದಕ್ಕೆ ಸಬ್ಸಿಡಿ ಜಾಸ್ತಿ. ನೆಲಕ್ಕೆ ಒಳ್ಳೆಯದು ಮಾಡುವ ಬೆಳೆಗೆ ಕಡಿಮೆ. ಭತ್ತಕ್ಕೆ ಗೊಬ್ಬರ, ಕಾಲುವೆ, ಕರೆಂಟು, ಸರ್ಕಾರಿ ಖರೀದಿ ಎಲ್ಲ ಇದೆ. ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ, ಕೇಂದ್ರ ಗೊತ್ತು ಮಾಡಿದ ಎಫ್‌ಆರ್‌ಪಿ ಅನ್ನುವ ಬೆಲೆ ಇದೆ. ನೀರಾವರಿ ಬಂದ ಕೂಡಲೇ ಜನ ತೊಗರಿ ಬಿಟ್ಟು ಕಬ್ಬಿಗೆ ಹೋಗುವುದು ಸುಮ್ನೆ ಅಲ್ಲ. ಒಂದು ಕೈಯಲ್ಲಿ ಭತ್ತ, ಕಬ್ಬಿಗೆ ಹಣ ಕೊಟ್ಟು, ಇನ್ನೊಂದು ಕೈಯಲ್ಲಿ ಡಾಲರ್ ಕೊಟ್ಟು ಬೇಳೆ ತರಿಸುತ್ತೇವೆ. ಇದು ನನಗೆ ನಿಜವಾಗಿಯೂ ಸಂಕಟ ಕೊಡುವ ವಿಷಯ.

ಹಾಗಾದರೆ ಯೂರಿಯಾ ಸಬ್ಸಿಡಿ ತೆಗೆದುಬಿಡಬೇಕಾ? ನ್ಯೂಜಿಲೆಂಡ್‌ನಲ್ಲಿ ತೆಗೆದರಂತೆ.

ತೆಗೆದರು. 1984ರಲ್ಲಿ ಅಲ್ಲಿನ ಸರ್ಕಾರ ರೈತರಿಗೆ ಕೊಡುತ್ತಿದ್ದ ಹೆಚ್ಚಿನ ಸಬ್ಸಿಡಿ ನಿಲ್ಲಿಸಲು ಶುರುಮಾಡಿತು. ಕೆಲವು ವರ್ಷ ಜಮೀನಿನ ಬೆಲೆ ಬಿತ್ತು, ಬಡ್ಡಿ ಏರಿತು, ರೈತರು ಕಷ್ಟಪಟ್ಟರು. ಆದರೆ ಹೆದರಿದಷ್ಟು ಜನ ಹೊಲ ಕಳೆದುಕೊಳ್ಳಲಿಲ್ಲ. 1980ರ ದಶಕದಲ್ಲಿ ಸುಮಾರು 7 ಕೋಟಿ ಇದ್ದ ಕುರಿ ಈಗ ಎರಡೂವರೆ ಕೋಟಿ ಆಸುಪಾಸು, ಬಹಳ ಜನ ಹೈನಕ್ಕೆ ಹೋದರು. ಆದರೆ ಅಲ್ಲಿ ಒಬ್ಬೊಬ್ಬರಿಗೆ ನೂರಾರು ಎಕರೆ. ಬೆಳೆದದ್ದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ನಮ್ಮಲ್ಲಿ ಎರಡು ಎಕರೆ ರೈತನಿಗೆ ಯೂರಿಯಾ ಚೀಲ ಒಂದೇ ಸಲಕ್ಕೆ 2,000 ಆದರೆ ಅವನು ಆ ವರ್ಷವೇ ಮುಳುಗುತ್ತಾನೆ.

ಅರ್ಧಂಬರ್ಧ ಸುಧಾರಣೆ ಇನ್ನೂ ಕೆಟ್ಟದ್ದು. 2010ರಲ್ಲಿ ಡಿಎಪಿ, ಪೊಟ್ಯಾಷ್‌ಗೆ ಪೋಷಕಾಂಶದ ಲೆಕ್ಕದಲ್ಲಿ ಸಬ್ಸಿಡಿ ಅಂತ ಮಾಡಿದರು, ಯೂರಿಯಾ ಮಾತ್ರ ಹಾಗೇ ಬಿಟ್ಟರು. ಅವುಗಳ ಬೆಲೆ ಏರಿತು, ಯೂರಿಯಾ ಅಗ್ಗವಾಗೇ ಉಳಿಯಿತು. ಜನ ಯೂರಿಯಾವನ್ನೇ ಸುರಿದರು. ನೆಲ ಕೆಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ, ಚೀಲದ ಬೆಲೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಲಿ. ಉಳಿದ ಹಣ ಎಕರೆ ಲೆಕ್ಕದಲ್ಲಿ ರೈತನ ಕೈಗೇ ಬರಲಿ, ಬೇಳೆ ಬೆಳೆದವನಿಗೆ ಒಂದಿಷ್ಟು ಜಾಸ್ತಿ. ಹಣ ಮೊದಲು ಬರಬೇಕು, ಬೆಲೆ ಆಮೇಲೆ ಏರಬೇಕು. ಅದಲುಬದಲು ಆದರೆ ಯಾರೂ ನಂಬುವುದಿಲ್ಲ.

ಡಬ್ಲ್ಯೂಟಿಒ ನಮ್ಮ ಕೈ ಕಟ್ಟಿಹಾಕಿದೆ ಅನ್ನುತ್ತಾರೆ. ನಿಜವಾ?

ಸ್ವಲ್ಪ ನಿಜ, ಸ್ವಲ್ಪ ನೆಪ. ಡಬ್ಲ್ಯೂಟಿಒ ಅಂದರೆ ದೇಶ ದೇಶಗಳ ವ್ಯಾಪಾರಕ್ಕೆ ನಿಯಮ ಇಡುವ ವಿಶ್ವ ವ್ಯಾಪಾರ ಸಂಸ್ಥೆ. ಅದಕ್ಕೆ ದಾರಿ ಮಾಡಿದ ಡಂಕೆಲ್ ಕರಡು ಬಂದಾಗ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ 1993ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ಲಕ್ಷಾಂತರ ಜನ ಸೇರಿಸಿ ಇದರ ವಿರುದ್ಧ ನಿಂತಿತ್ತು. ಅವರ ಎಲ್ಲ ಭಯವೂ ನಿಜವಾಗಲಿಲ್ಲ, ಕೆಲವು ಆಯಿತು.

ನಿಯಮದ ಪ್ರಕಾರ ಒಂದು ಬೆಳೆಗೆ ಕೊಡುವ ಬೆಲೆ ಬೆಂಬಲ ಆ ಬೆಳೆಯ ಒಟ್ಟು ಮೌಲ್ಯದ 10% ಮೀರಬಾರದು. ಲೆಕ್ಕ ಹಾಕುವಾಗ ಹೋಲಿಸುವುದು 1986-88ರ ಅಂತರರಾಷ್ಟ್ರೀಯ ಬೆಲೆ ಜೊತೆ. ಇವತ್ತಿನ ಬೆಂಬಲ ಬೆಲೆಯನ್ನು ಅಂದಿನ ಬೆಲೆ ಜೊತೆ ಇಟ್ಟು ನೋಡಿದರೆ ಯಾರಿಗಾದರೂ ಜಾಸ್ತಿಯೇ ಕಾಣುತ್ತದೆ. 2019ರ ಫೆಬ್ರವರಿಯಲ್ಲಿ ಅಮೆರಿಕ, ಕೆನಡಾ ಸೇರಿ ಭಾರತದ ತೊಗರಿ, ಕಡಲೆ, ಉದ್ದು, ಹೆಸರು, ಮಸೂರದ ಬೆಂಬಲ ಮಿತಿ ಮೀರಿದೆ ಅಂತ ದೂರಿದವು. ಅವರು ದೇಶದ ಅಷ್ಟೂ ಬೆಳೆಗೆ ಬೆಂಬಲ ಸಿಕ್ಕಿದೆ ಅಂತ ಲೆಕ್ಕ ಹಿಡಿದರು. ಸರ್ಕಾರ ನಿಜವಾಗಿ ಕೊಂಡದ್ದು ಎಷ್ಟು ಅನ್ನುವುದೇ ಲೆಕ್ಕ ಆಗಬೇಕು ಅನ್ನುವುದು ಭಾರತದ ವಾದ. ಖರೀದಿ ಕೇಂದ್ರದ ಮುಂದೆ ಎರಡು ರಾತ್ರಿ ಮಲಗಿ ವಾಪಸ್ ಬಂದವನಾಗಿ ನನಗೆ ಭಾರತದ ವಾದವೇ ಸರಿ ಅನಿಸುತ್ತದೆ. ಮಾರಲು ಆಗದೇ ಇದ್ದ ನಮ್ಮ ಕಾಳಿಗೂ ಸರ್ಕಾರ ನೆರವು ಕೊಟ್ಟಿದೆ ಅಂತ ಲೆಕ್ಕ ಬರೆದರೆ ಹೇಗೆ?

ನೆಪ ಯಾವುದು ಅಂದರೆ ಸುಂಕ. ಸುಂಕ ಏರಿಸಲು ಡಬ್ಲ್ಯೂಟಿಒ ಬಿಡುವುದಿಲ್ಲ ಅನ್ನುವುದು ಬೇಳೆಕಾಳಿನ ಮಟ್ಟಿಗೆ ಸರಿಯಲ್ಲ. ಕಡಲೆಗೆ 2018ರಲ್ಲಿ 60% ಹಾಕಿದ್ದರು.

ದಾಸ್ತಾನು ಮಿತಿ ಹಾಕಿದರೆ ವ್ಯಾಪಾರಿಗೆ ತಾನೇ ಪೆಟ್ಟು? ರೈತನಿಗೇನು?

ನಮ್ಮ ಕಾಳು ಕೊಂಡು ಇಡುವವನು ಅವನೇ. ಇಡಬೇಡ ಅಂದರೆ ಕೊಳ್ಳುವುದಿಲ್ಲ. 2023ರ ಜೂನ್‌ನಲ್ಲಿ ಹಾಕಿದ ಮಿತಿಯನ್ನು ಡಿಸೆಂಬರ್ ಕೊನೆವರೆಗೆ ಎಳೆದರು, 2024ರ ಜೂನ್‌ನಲ್ಲಿ ಮತ್ತೆ ಹಾಕಿದರು. ಯಾವಾಗ ಮಿತಿ ಬರುತ್ತದೋ ಅನ್ನುವ ಅಂಜಿಕೆಗೇ ಮಿಲ್‌ನವರು ತಿಂಗಳಿಗೆ ಬೇಕಾದಷ್ಟೇ ಕೊಳ್ಳುತ್ತಾರೆ.

ತೊಗರಿಗೆ ಒಳ್ಳೆಯ ಬೆಲೆ ಸಿಕ್ಕರೆ ಬೇಳೆ ತುಟ್ಟಿ. ಬಡವರು ಏನು ತಿನ್ನಬೇಕು?

ಇದು ಸರಿಯಾದ ಪ್ರಶ್ನೆ, ಇದನ್ನು ತಳ್ಳಿಹಾಕುವ ರೈತ ಮುಖಂಡರ ಮೇಲೆ ನನಗೆ ಬೇಸರ ಇದೆ. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳಿಗೆ ಹೊಲ ಇಲ್ಲ. ಅವರು ಬೇಳೆ ಅಂಗಡಿಯಿಂದಲೇ ತರಬೇಕು. ಬೇಳೆ 180 ಆದರೆ ಅವರ ಮನೆಯ ಸಾರು ತೆಳ್ಳಗಾಗುತ್ತದೆ.

ಆದರೆ ಕಾಳಿನ ಬೆಲೆ ಇಳಿದಷ್ಟೂ ಬೇಳೆ ಬೆಲೆ ಇಳಿಯುವುದಿಲ್ಲ ಅನ್ನುವುದನ್ನೂ ನೋಡಿ. ಕ್ವಿಂಟಲ್ ಕಾಳಿಗೆ 70ರಿಂದ 75 ಕೆಜಿ ಬೇಳೆ ಬರುತ್ತದೆ. 7,500ಕ್ಕೆ ಕೊಂಡ ಕಾಳಿನಲ್ಲಿ ಬೇಳೆಗೆ ಬೀಳುವುದು ಕೆಜಿಗೆ 100ರಿಂದ 107 ರೂಪಾಯಿ. ಆಮೇಲೆ ಒಡೆಯುವ ಖರ್ಚು, ಸಾಗಣೆ, ಲಾಭ. ನಿಮ್ಮ ಅಂಗಡಿಯ ಬೆಲೆ ಜೊತೆ ಹೋಲಿಸಿ ನೋಡಿ, ನಡುವೆ ಎಷ್ಟು ನಿಂತಿದೆ ಗೊತ್ತಾಗುತ್ತದೆ.

ಬಡವರಿಗೆ ಬೇಳೆ ಮುಟ್ಟಿಸಲು ದಾರಿ ಪಡಿತರ ಅಂಗಡಿ. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ತೊಗರಿ ಬೇಳೆ ಇರುವ ಆಹಾರ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಆ ಬೇಳೆಯನ್ನು ನಮ್ಮದೇ ರೈತರಿಂದ ರಾಶಿ ಹೊತ್ತಿಗೆ ಕೊಂಡರೆ, ಕೂಲಿ ಮಾಡುವವರ ತಟ್ಟೆಗೂ ಬೇಳೆ ಬರುತ್ತದೆ, ಹೊಲದವನಿಗೂ ಬೆಲೆ ನಿಲ್ಲುತ್ತದೆ.

ಮೊಜಾಂಬಿಕ್ ರೈತರು ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಿದ್ದಾರಲ್ಲ?

ಅವರೂ ನಮ್ಮಂಥವರೇ. ಒಂದೆರಡು ಎಕರೆ, ಕೈಯಲ್ಲೇ ಕೆಲಸ. ಅಲ್ಲಿ ತೊಗರಿ ತಿನ್ನುವವರು ಕಡಿಮೆ, ಭಾರತಕ್ಕೆ ಅಂತಲೇ ಬೆಳೆಯುತ್ತಾರೆ. 2017ರಲ್ಲಿ ಇಲ್ಲಿ ಮಿತಿ ಹಾಕಿದಾಗ ಅವರಿಗೂ ಕಾಳಿನ ಬೆಲೆ ನೆಲಕಚ್ಚಿತು. ಬೆಳೆಯಿರಿ, ಕೊಳ್ಳುತ್ತೇವೆ ಅಂತ ಒಪ್ಪಂದ ಮಾಡಿ ಬಂದ ಮರುವರ್ಷವೇ ಹಾಗಾಯಿತು. ದಿಲ್ಲಿಯ ಒಂದೇ ಆದೇಶ ತಡವಾಗಿ ಬಂದು ನಮಗೆ, ಬಂದ ಮೇಲೆ ಅವರಿಗೆ ಪೆಟ್ಟು ಕೊಟ್ಟಿತು.

ಹಾಗಾದರೆ ಏನು ಮಾಡಬೇಕು ಅನ್ನುತ್ತೀರಿ?

ನಾನು ಕೇಳುವುದು ಒಂದೇ. ನಿಯಮವನ್ನು ಬಿತ್ತುವ ಮುಂಚೆ ಹೇಳಿ, ರಾಶಿ ಆಗುವವರೆಗೆ ಬದಲಾಯಿಸಬೇಡಿ. ಮೇ ತಿಂಗಳಲ್ಲೇ ಗೊತ್ತಾಗಲಿ: ಈ ವರ್ಷ ಇಷ್ಟು ಟನ್ ಬರುತ್ತದೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬರುವುದಿಲ್ಲ. ಮಾರುಕಟ್ಟೆ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಹೋದರೆ ಆಮದು ತಾನಾಗೇ ನಿಲ್ಲಬೇಕು, ಒಂದು ಮಟ್ಟಕ್ಕಿಂತ ಮೇಲೆ ಹೋದರೆ ತಾನಾಗೇ ತೆರೆಯಬೇಕು. ಅದಕ್ಕೆ ಯಾರೂ ದಿಲ್ಲಿಗೆ ನಿಯೋಗ ಹೋಗುವ ಹಾಗಿರಬಾರದು. ಆಗ ಬೆಲೆ 12,000 ಆಗದೇ ಇರಬಹುದು. ನನಗೆ 12,000 ಬೇಡ. 8,500 ಅಂತ ನಂಬಿಕೆ ಇದ್ದರೆ ಅಪ್ಪ ಬಾವಿಗೆ ಸಾಲ ಮಾಡಬೇಕೋ ಬೇಡವೋ ಅಂತ ತೀರ್ಮಾನ ಮಾಡಬಹುದು. ಒಂದು ವರ್ಷ 12,000, ಮರುವರ್ಷ 7,000 ಅಂದರೆ ಅವರು ಯಾವುದನ್ನು ನಂಬಬೇಕು?

ಈಗ ಮನೆಯಲ್ಲಿ ಕಾಳು ಇದೆ. ಮಾರಲಾ, ಇಡಲಾ?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಸಾಲದ ಗಡುವು ಹತ್ತಿರ ಇದ್ದರೆ ಅಷ್ಟಕ್ಕೆ ಬೇಕಾದಷ್ಟು ಮಾರಿ, ಉಳಿದದ್ದು ಇಡಿ. ಸುಂಕ ಇಲ್ಲದ ಆಮದಿನ ಗಡುವು ಮುಗಿಯುವ ಹೊತ್ತಿಗೆ ಆದೇಶ ಏನಾಗುತ್ತದೆ ನೋಡಿ, ಅದು ಮುಂದಕ್ಕೆ ಹೋದರೆ ಬೆಲೆ ಏರುವ ಆಸೆ ಕಡಿಮೆ. ಸೆಪ್ಟೆಂಬರ್ ದಾಟಿಸಿ ಇಡುವುದು ಅಪಾಯ, ಆಫ್ರಿಕಾ ಕಾಳು ಬರುತ್ತದೆ, ಹುಳವೂ ಬೀಳುತ್ತದೆ. ಮನೆಯಲ್ಲಿ ಜಾಗ ಇಲ್ಲದಿದ್ದರೆ ನೋಂದಾಯಿತ ಗೋದಾಮಿನಲ್ಲಿ ಇಟ್ಟು ರಸೀದಿ ಪಡೆದರೆ, ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಆ ರಸೀದಿ ಮೇಲೆ ಕಡಿಮೆ ಬಡ್ಡಿಗೆ ಆರು ತಿಂಗಳವರೆಗೆ ಸಾಲ ಸಿಗುತ್ತದೆ. ಬ್ಯಾಂಕಿನವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ.

ಬೆಂಬಲ ಬೆಲೆಗೆ ಹಾಕುವ ಆಲೋಚನೆ ಇದ್ದರೆ ರಾಶಿಗೆ ಮುಂಚೆಯೇ ಫ್ರೂಟ್ಸ್ ಐಡಿ, ಅಂದರೆ ರಾಜ್ಯ ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ, ಸರಿ ಇದೆಯಾ ನೋಡಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ತೊಗರಿ ಅಂತಲೇ ಬಿದ್ದಿರಬೇಕು. ಹತ್ತಿ ಅಂತ ಬಿದ್ದಿದ್ದರೆ ಕೇಂದ್ರದಲ್ಲಿ ನಿಮ್ಮ ಚೀಲ ಇಳಿಸುವುದೇ ಇಲ್ಲ. ಹೋದ ವರ್ಷ ನಮ್ಮ ಪಕ್ಕದ ಹೊಲದ ಕಾಕಾಗೆ ಹಾಗೇ ಆಯಿತು, ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ಖರೀದಿ ಮುಗಿದಿತ್ತು. ಈ ಸಲ ಅವರು ನವೆಂಬರ್‌ನಲ್ಲೇ ಮೊಬೈಲಿನಲ್ಲಿ ತೆಗೆಸಿ ನೋಡಿದರು, ತೊಗರಿ ಅಂತ ಬಂದಿತ್ತು.